ಕೆಂಪು ಗುಡ್ಡದ ಹಳದಿ ಸಾಲು

ಆ ದ್ರಾಕ್ಷಿ ತೋಟದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ‘ಕಸಿ ಅತ್ತಿಗೆ’ ಎಂದು. ಹಳೆಯ ಬಳ್ಳಿಯನ್ನು ಬುಡದ ಹತ್ತಿರ ಕತ್ತರಿಸಿ, ಹೊಸ ತಳಿಯ ಕಡ್ಡಿ ಕೂಡಿಸಿ, ಪಟ್ಟಿ ಸುತ್ತುವುದು ಅವಳ ಕೆಲಸ. ಮೂವತ್ತೊಂದು ವರ್ಷದಿಂದ ಅದೊಂದೇ ಕೆಲಸ. ಓದು ಎರಡನೇ ಕ್ಲಾಸಿಗೇ ನಿಂತಿತ್ತು. ಕಿವಿ ಮಾತ್ರ ಚುರುಕು. ವೈನ್ ಕೊಳ್ಳಲು ಬಂದವರು ಸಾಲುಗಳ ನಡುವೆ ಓಡಾಡುತ್ತಾ ಆಡಿದ ಮಾತನ್ನೆಲ್ಲ ಕುಕ್ಕರುಗಾಲಲ್ಲೇ ಕೇಳಿಸಿಕೊಂಡು, ಮದುವೆ ಸಂಬಂಧ ಕುದುರಿಸುವವಳ ಹಾಗೆ ಒಂದೊಂದು ತಳಿಯ ತವರನ್ನೂ ತಲೆಯಲ್ಲಿಟ್ಟುಕೊಂಡಿದ್ದಳು. ಕ್ಯಾಬರ್ನೆ ಫ್ರಾನ್ಸಿನ ಬೋರ್ಡೊ ಕಡೆಯವಳು, ಬಿಗುಮಾನದ ಹೆಣ್ಣು, ಮೆತ್ತಗಾಗಲು ವರ್ಷಗಳು ಬೇಕು. ರೀಸ್ಲಿಂಗ್ ಜರ್ಮನಿಯ ರೈನ್ ನದಿ ದಂಡೆಯವಳು, ಚಳಿಗೆ ಜಗ್ಗುವುದಿಲ್ಲ. ಮಾಲ್ಬೆಕ್ ಹುಟ್ಟಿದ್ದು ಫ್ರಾನ್ಸಿನಲ್ಲಿ, ಮೆರೆದದ್ದು ಅರ್ಜೆಂಟೀನಾದ ಮೆಂಡೋಜಾದಲ್ಲಿ. ತವರಲ್ಲಿ ಮೂಲೆ ಹಿಡಿದವಳು ಗಂಡನ ಮನೆಯಲ್ಲಿ ಗಟ್ಟಿಗಿತ್ತಿಯಾದ ಹಾಗೆ. ಇನ್ನು ಫ್ರಾನ್ಸಿನದೇ ಬರ್ಗಂಡಿಯಲ್ಲಿ ಇಬ್ಬರು: ಕಪ್ಪು ಹಣ್ಣಿನ ಪಿನೊ ನ್ವಾರ್, ಬಿಳಿ ಹಣ್ಣಿನ ಶಾರ್ಡೊನೆ. ಎಲೆಯಲ್ಲಿ ಇಬ್ಬರದೂ ತಾಯಿ-ಮಗಳ ಮುಖ.

ಕಸಿಯ ಕಡ್ಡಿಗೆ ಆ ಎಲೆಯೂ ಇರುವುದಿಲ್ಲ. ಚಳಿಗಾಲದಲ್ಲಿ ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ, ತಣ್ಣನೆಯ ಕೋಣೆಯಲ್ಲಿಟ್ಟ ಬೋಳು ಕಡ್ಡಿಗಳು ಅವು. ಕಟ್ಟಿಗೊಂದು ಹೆಸರಿನ ಚೀಟಿ. ಜೊತೆಯಲ್ಲೇ ಕಸಿ ಕಟ್ಟುತ್ತಿದ್ದ ನಾದಿನಿ ಚೀಟಿ ಓದದೆ ಕಟ್ಟು ಬಿಚ್ಚುತ್ತಿರಲಿಲ್ಲ. ಅತ್ತಿಗೆಗೆ ಅದು ನಗೆಪಾಟಲು.

“ಹೆತ್ತ ಮಕ್ಕಳಿಗೆ ಯಾರಾದ್ರೂ ಚೀಟಿ ಕಟ್ತಾರೇನೇ? ಮೊಗ್ಗು ಸವರಿದ್ರೆ ಸಾಕು, ಯಾರ ಮನೆ ಹೆಣ್ಣು ಅಂತ ಹೇಳ್ತೀನಿ.”

“ನಿಮಗೆ ಮೊಗ್ಗು ಹೇಳುತ್ತೆ ಅತ್ತಿಗೆ. ನನ್ನ ಹತ್ರ ಅವು ಮಾತೇ ಆಡಲ್ಲ.”

ಆ ವಸಂತದಲ್ಲಿ ರಸ್ತೆಯಾಚೆಯ ಗುಡ್ಡಕ್ಕೆಲ್ಲ ಪಿನೊ ನ್ವಾರ್ ಕಸಿಯಾಗಬೇಕಿತ್ತು. ಸಾಲು ಹಂಚಿಕೊಂಡು ಇಬ್ಬರೂ ಸೇರಿ ಮುಗಿಸಿದರು. ಮೊದಲ ವರ್ಷ ಹಣ್ಣು ಬಿಡುವುದಿಲ್ಲ; ಆದರೂ ಕಡ್ಡಿ ಚಿಗುರಿತು, ಗುಡ್ಡ ಹಸಿರಾಯಿತು, ಅತ್ತಿಗೆಯ ಮೂಗು ಒಂದಿಂಚು ಮೇಲೇರಿತು.

ಎಲೆ ಉದುರುವ ಮುಂಚೆ ಕಪ್ಪು ಹಣ್ಣಿನ ಬಳ್ಳಿ ಕೆಂಪಾಗುತ್ತದೆ, ಬಿಳಿ ಹಣ್ಣಿನದು ಹಳದಿಯಾಗುತ್ತದೆ. ಒಂದು ಬೆಳಿಗ್ಗೆ ಅತ್ತಿಗೆ ಹಾಲು ಕಾಯಿಸುತ್ತಾ ಕಿಟಕಿಯಾಚೆ ನೋಡಿದರೆ, ಕೆಂಪು ಕಂಬಳಿಗೆ ಹಳದಿ ನೂಲಿನ ಹೊಲಿಗೆ ಹಾಕಿದ ಹಾಗೆ ಗುಡ್ಡದ ನಡುವೆ ಒಂದೇ ಒಂದು ಸಾಲು. ಪಂಪ್ ಮನೆ ಕಡೆಯಿಂದ ಸಾಲು ಎಣಿಸಿದಳು. ಹನ್ನೊಂದನೆಯದು. ತಾನೇ ಕಸಿ ಕಟ್ಟಿದ್ದು. ಹಾಲು ಉಕ್ಕಿ ಒಲೆಗೆ ಹರಿಯಿತು.

‘ಮಂದಿ ತಪ್ಪು ಮಾಡಿದರೆ ಮಣ್ಣಲ್ಲಿ ಮುಚ್ಚುತ್ತಾರೆ. ನಾನು ಗುಡ್ಡಕ್ಕೆ ಬಣ್ಣ ಬಳಿದು ಊರಿಗೇ ತೋರಿಸಿದ್ದೀನಿ’ ಅಂದುಕೊಂಡಳು.

ಶೆಡ್ಡಿಗೆ ಹೋಗುವಷ್ಟರಲ್ಲಿ ತೋಟದ ಮೇಸ್ತ್ರಿ ತೀರ್ಪು ಕೊಟ್ಟಾಗಿತ್ತು: ತಪ್ಪು ನಾದಿನಿಯದು. ನಾದಿನಿಯ ಕಸಿ ಚಾಕು ಮೇಜಿನ ಮೇಲಿತ್ತು.

“ನಾಳೆಯಿಂದ ಬಾಟ್ಲಿ ತೊಳೆಯೋ ಕಡೆ ಹೋಗಮ್ಮ,” ಅನ್ನುತ್ತಿದ್ದ ಅವನು.

“ಚೀಟಿ ಓದಿದ್ದೆ ಮೇಸ್ತ್ರಿಗಳೇ,” ಅಂದಳು ನಾದಿನಿ. ಆಮೇಲೆ ಸಣ್ಣ ದನಿಯಲ್ಲಿ, “ಓದಿದ್ದೆ ಅನ್ಸುತ್ತೆ.”

ಹದಿನಾರು ವರ್ಷ ಕಸಿ ಕಟ್ಟಿದ ಹೆಂಗಸು ತನ್ನ ಕಣ್ಣನ್ನೇ ನಂಬದಾಗಿದ್ದಳು. ಅತ್ತಿಗೆ ಸುಮ್ಮನಿದ್ದರೆ ತನ್ನ ಹೆಸರು ಉಳಿಯುತ್ತಿತ್ತು. ಮೇಜಿನ ಹತ್ತಿರಕ್ಕೆ ಬಂದು ನಿಂತಳು.

“ಆ ಸಾಲು ನಂದು. ಚೀಟಿ ನೋಡದೆ ಕಟ್ಟು ಬಿಚ್ಚಿದೋಳು ನಾನು.”

ಮೇಸ್ತ್ರಿ ನಕ್ಕ. “ನಾದಿನಿ ಮೇಲಿನ ಮಮತೆಗೆ ಸುಳ್ಳು ಹೇಳ್ಬೇಡಿ ಅತ್ತಿಗೆ. ನಿಮ್ಮ ಕೈ ತಪ್ಪುತ್ತಾ?”

ಎಂದೂ ತಪ್ಪುವುದಿಲ್ಲ ಎಂದು ಇಷ್ಟು ವರ್ಷ ಡಂಗುರ ಹೊಡೆದವಳು ಅವಳೇ. ಈಗ ಸತ್ಯ ಹೇಳಿದರೆ ನಂಬುವವರೇ ಇಲ್ಲ. ಇಬ್ಬರನ್ನೂ ಗುಡ್ಡಕ್ಕೆ ಎಳೆದುಕೊಂಡು ಹೋದಳು. ಹನ್ನೊಂದನೇ ಸಾಲಿನಲ್ಲಿ ಕೂತು ಕಸಿಯ ಗಂಟು ತೋರಿಸಿದಳು. “ಚಾಕುವಿನ ಕಚ್ಚು ಯಾವ ಕಡೆಗೆ ಓರೆಯಾಗಿದೆ? ಎಡಗೈಯವರ ಕಚ್ಚು ಇದು. ಇಲ್ಲಿ ಎಡಚಿ ನಾನೊಬ್ಬಳೇ ತಾನೆ?”

ಮೇಸ್ತ್ರಿ ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದ.

“ಇನ್ನೂ ಅನುಮಾನಾನಾ? ನಲವತ್ತು ಬಳ್ಳೀಲಿ ಒಂದಾದ್ರೂ ಸತ್ತಿದೆಯಾ ನೋಡಿ! ಪಕ್ಕದ್ದು ಇವಳ ಸಾಲು, ನಾಲ್ಕು ಒಣಗಿವೆ. ಇಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡೋಕೆ ಈ ತೋಟದಲ್ಲಿ ನನ್ನ ಬಿಟ್ರೆ ಯಾರಿಗೆ ಬರುತ್ತೆ?”

“ತಪ್ಪು ಒಪ್ಕೊಳ್ಳೋವಾಗ್ಲೂ ನನ್ನ ನಾಲ್ಕು ಬಳ್ಳಿ ಎಣಿಸ್ಬೇಕಾ ಅತ್ತಿಗೆ?” ಅಂದಳು ನಾದಿನಿ. ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತ್ತು.

ನಾದಿನಿಯ ಚಾಕು ಅವಳ ಕೈಗೆ ಹಿಂತಿರುಗಿತು. ಅತ್ತಿಗೆ ತಾನಾಗಿಯೇ ಬಾಟಲಿ ತೊಳೆಯುವ ಕಡೆ ಹೋದಳು, ಮೇಸ್ತ್ರಿ ಬೇಡವೆನ್ನಲಿಲ್ಲ. ಎಲೆ ಉದುರಲು ಇನ್ನೂ ಹದಿನೈದು ದಿನವಿತ್ತು. ಬಂದವರೆಲ್ಲ ಆ ಗುಡ್ಡದ ಕಡೆಗೇ ಬೆರಳು ಮಾಡುತ್ತಿದ್ದರು. ಒಂದು ದಿನ ದಂಪತಿಗಳಿಬ್ಬರು ತೊಟ್ಟಿಯ ಹತ್ತಿರ ನಿಂತು, ಆ ಹಳದಿ ಸಾಲು ಯಾವುದೆಂದು ಕೇಳಿದರು.

“ಬರ್ಗಂಡಿಯ ಶಾರ್ಡೊನೆ,” ಅಂದಳು ಅತ್ತಿಗೆ, ನೊರೆ ಕೈ ಒರೆಸಿಕೊಳ್ಳುತ್ತಾ. “ಮೊಗ್ಗು ಸವರಿದ್ರೆ ಅದರ ತವರು ಗೊತ್ತು ಅಂತ ಮೆರೆದೋಳು ಒಬ್ಬಳಿದ್ಲು. ಅವಳನ್ನ ನೋಡ್ಬೇಕಾ? ನೋಡ್ತಾನೇ ಇದ್ದೀರಲ್ಲ.”