ಮೋನಾಕ ಕಾದ ಫೋನು

ಹೋದ ವಾರ ಒಂದು ಬೆಳಿಗ್ಗೆ, ಬೆಳ್ತಂಗಡಿಯಲ್ಲಿ ನಾನು ಮ್ಯಾನೇಜರ್ ಎಂದು ಕುಳಿತುಕೊಳ್ಳುವ ಟೈಲ್ಸ್ ಅಂಗಡಿಯಲ್ಲಿದ್ದಾಗ, ಫೋನಿಗೆ ಒಂದು ಇಂಗ್ಲಿಷ್ ಮೇಲ್ ಬಂತು. ಸಫಿಯಾ ಎಂಬವರು ನಮ್ಮ ಕಾಲೇಜಿಗೆ ಎಂ.ಬಿ.ಎ. ಓದಲು ಅರ್ಜಿ ಹಾಕಿದ್ದಾರೆ, ತಮ್ಮನ್ನು ಬಲ್ಲವರೆಂದು ನಿಮ್ಮ ಹೆಸರು ಕೊಟ್ಟಿದ್ದಾರೆ, ದಯವಿಟ್ಟು ಶಿಫಾರಸು ಪತ್ರ ಬರೆಯಿರಿ, ಅಗತ್ಯ ಬಿದ್ದರೆ ನಾವೇ ನಿಮಗೆ ಫೋನ್ ಮಾಡುತ್ತೇವೆ ಎಂದಿತ್ತು. ಆ ಕೊನೆಯ ಮಾತನ್ನು ಓದಿದವನೇ ಫೋನನ್ನು ಮೇಜಿನ ಮೇಲೆ ಕವುಚಿ ಇಟ್ಟೆ. ಎಲ್ಲಿಂದಲೋ ಹೊಸ ರಬ್ಬರ್ ಚಪ್ಪಲಿಯ ವಾಸನೆ ಮೂಗಿಗೆ ಬಡಿಯಿತು. ಟೈಲ್ಸ್ ಅಂಗಡಿಯಲ್ಲಿ ಧೂಳಿನ ವಾಸನೆ ಬಿಟ್ಟರೆ ಬೇರೊಂದಕ್ಕೆ ಜಾಗವಿಲ್ಲ ಎಂದು ನಿಮಗೂ ಗೊತ್ತು.

ಸಫಿಯಾ ಮೋನಾಕನ ಮಗಳು. ಮಹಮ್ಮದ್ ಎಂದು ಶುರುವಾಗುವ ಅವರ ಉದ್ದ ಹೆಸರು ರೇಶನ್ ಕಾರ್ಡಿನಲ್ಲಿ ಮಾತ್ರ ಇತ್ತು. ಪಾಣೆಮಂಗಳೂರು ಪೇಟೆಗೆಲ್ಲ ಅವರು ಮೋನಾಕ. ಅವರದ್ದು ಚಪ್ಪಲಿ ಅಂಗಡಿ. ಬಿ.ಕಾಂ. ಮುಗಿಸಿದ ನಾನು ಬೇರೆ ಕೆಲಸ ಸಿಗುವವರೆಗೆ ಎಂದು ಅಲ್ಲಿ ಸೇರಿ ಆರು ವರ್ಷ ಉಳಿದುಬಿಟ್ಟೆ. ಅಂಗಡಿಗೆ ಇದ್ದದ್ದು ಒಂದೇ ಕಾನೂನು. ಬಿಗಿಯಾದ ಚಪ್ಪಲಿಯನ್ನು ‘ಹಾಕ್ತಾ ಹಾಕ್ತಾ ಸಡಿಲ ಆಗ್ತದೆ’ ಎಂದು ಹೇಳಿ ಯಾರಿಗೂ ಮಾರಬಾರದು.

“ಚಪ್ಪಲಿ ಸಡಿಲ ಆಗುದಲ್ಲ ಮಾರಾಯ, ಕಾಲು ಸೋಲುದು” ಎನ್ನುತ್ತಿದ್ದರು.

ಒಮ್ಮೆ ಮದುಮಗನೊಬ್ಬ ಇಂಥದೇ ಬಿಗಿ ಬೂಟಿಗೆ ಹಠ ಹಿಡಿದಾಗ ಅವನನ್ನು ಎದುರಿನ ಅಂಗಡಿಗೆ ಕಳಿಸಿಯೇ ಬಿಟ್ಟರು. ಅರ್ಧ ಗಂಟೆ ಕಳೆದು ಅವನು ಹೊಸ ಬೂಟು ಹಾಕಿಕೊಂಡು ಕುಂಟುತ್ತಾ ನಮ್ಮ ಮುಂದೆಯೇ ಹೋದ. ಮೋನಾಕ ನಗಲಿಲ್ಲ. ಮದುವೆ ದಿನ ನಿಂತೇ ಇರಬೇಕಲ್ಲ, ಪಾಪ, ಎಂದರು.

ಐದನೆಯ ವರ್ಷದಲ್ಲಿ ನನಗೆ ಎಂ.ಬಿ.ಎ.ಯ ಹುಚ್ಚು ಹಿಡಿಯಿತು. ಭಾನುವಾರಗಳಂದು ಮೂಡಬಿದ್ರಿಗೆ ಕೋಚಿಂಗಿಗೆ ಹೋಗುತ್ತಿದ್ದೆ. ಬಸ್ಸು ಸಿದ್ಧಕಟ್ಟೆ ತಲುಪುವಷ್ಟರಲ್ಲಿ ನಾನೊಂದು ದೊಡ್ಡ ಕಂಪೆನಿಯ ಮುಖ್ಯಸ್ಥನಾಗಿರುತ್ತಿದ್ದೆ. ಕಂಡಕ್ಟರ್ “ಹಿಂದೆ ಹೋಗಿ, ಹಿಂದೆ ಹೋಗಿ” ಎಂದು ತಳ್ಳಿದಾಗ ಮತ್ತೆ ಚಪ್ಪಲಿ ಅಂಗಡಿಯವನಾಗುತ್ತಿದ್ದೆ. ಪರೀಕ್ಷೆಯೇನೋ ಹೇಗೋ ದಾಟಿದೆ. ಆದರೆ ನಾನು ಆಸೆಪಟ್ಟ ಕಾಲೇಜಿನ ಅರ್ಜಿಯಲ್ಲಿ, ನೀವು ಯಾರ ಕೈಕೆಳಗೆ ಕೆಲಸ ಮಾಡುತ್ತೀರೋ ಅವರ ಪತ್ರ ಬೇಕು, ಬೇಕಾದರೆ ನಾವು ಅವರಿಗೆ ಫೋನ್ ಮಾಡಿ ವಿಚಾರಿಸುತ್ತೇವೆ ಎಂದು ಇತ್ತು.

ವಿಷಯ ತಿಳಿಸಿದೆ. ನನ್ನೊಡನೆ ಸದಾ ತುಳು ಮಾತಾಡುತ್ತಿದ್ದ ಮೋನಾಕ ಒಮ್ಮೆಲೇ ಕನ್ನಡಕ್ಕೆ ಬಂದರು. ಗಂಭೀರ ವಿಷಯಕ್ಕೆ ಅವರಿಗೆ ಕನ್ನಡವೇ ಆಗಬೇಕಿತ್ತು.

“ನಾನು ಬರೆಯುತ್ತೇನೆ. ನಿನ್ನ ವಿಷಯ ನನಗಲ್ಲದೆ ಯಾರಿಗೆ ಗೊತ್ತುಂಟು?”

ಎರಡು ದಿನ ಕೂತು ಇಂಗ್ಲಿಷಿನಲ್ಲೇ ಬರೆದರು. ‘ಹಿ ಈಸ್ ಆನೆಸ್ಟ್ ಬಾಯ್. ಐ ನೋ ಹಿಮ್ ಫೈವ್ ಇಯರ್ಸ್.’ ಮೂರನೆಯ ವಾಕ್ಯ ಸ್ವಲ್ಪ ತೊಡರಿತ್ತು. ಬಿಗಿ ಚಪ್ಪಲಿ ಸಡಿಲವಾಗುತ್ತದೆ ಎಂದು ಇವನು ಈವರೆಗೆ ಒಬ್ಬ ಗಿರಾಕಿಗೂ ಹೇಳಿದವನಲ್ಲ ಎಂಬುದು ಅದರ ಅರ್ಥ. ಕೆಳಗೆ ಎರಡು ಕಡೆ ಅಂಗಡಿಯ ಸೀಲು. ಫೋನ್ ನಂಬರಿನ ಅಡಿಗೆ ಎರಡು ಗೆರೆ.

ನನಗೆ ನಾಚಿಕೆಯಾಯಿತು. ಅದನ್ನು ಬೇರೆ ಚೆಂದದ ಹೆಸರಿನಿಂದ ಕರೆಯಲು ಈಗ ಮನಸ್ಸಿಲ್ಲ. ಅಷ್ಟು ದೊಡ್ಡ ಕಾಲೇಜಿನವರು ಈ ಕಾಗದ ಓದಿ ನಕ್ಕರೆ ಎಂದು ಹೆದರಿದೆ. ನನ್ನನ್ನು ಎರಡು ಮದುವೆ ಮನೆಗಳಲ್ಲಿ ಮಾತ್ರ ಕಂಡಿದ್ದ, ದೊಡ್ಡ ಹುದ್ದೆಯಲ್ಲಿದ್ದ ದೂರದ ನೆಂಟರೊಬ್ಬರ ಬಳಿಗೆ ಹೋದೆ. ಪತ್ರವನ್ನು ನಾನೇ ಬರೆದೆ, ಅವರು ಓದದೆ ಸಹಿ ಹಾಕಿದರು. ಕಳಿಸಿದ್ದು ಅದನ್ನು. ಮೋನಾಕನ ಕಾಗದವನ್ನು ಮಡಚಿ ಪುಸ್ತಕವೊಂದರೊಳಗೆ ಇಟ್ಟೆ.

ಮೋನಾಕ ಫೋನಿಗೆ ಕಾಯತೊಡಗಿದರು.

ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಅವರು ಫೋನಿನ ಚಾರ್ಜು ಇಳಿಯಲು ಬಿಡುತ್ತಿರಲಿಲ್ಲ. ಪೆಟ್ಟಿಗೆಗಳನ್ನು ಜೋಡಿಸುತ್ತಾ ಮೂರು ವಾಕ್ಯಗಳನ್ನು ಬಾಯಿಪಾಠ ಮಾಡುತ್ತಿದ್ದರು. ನಮಾಜಿಗೆ ಹೋಗುವಾಗ ಫೋನನ್ನು ನನ್ನ ಕೈಗೇ ಕೊಟ್ಟು, “ಕಾಲೇಜಿನವರು ಮಾಡಿದರೆ ಹತ್ತು ನಿಮಿಷ ನಿಲ್ಲಲಿಕ್ಕೆ ಹೇಳು, ಈಗ ಬರ್ತೇನೆ” ಎನ್ನುತ್ತಿದ್ದರು. ನಾನು ಆ ಫೋನು ಹಿಡಿದುಕೊಂಡು ಹತ್ತು ನಿಮಿಷ ನಿಂತಿರುತ್ತಿದ್ದೆ. ನಿಜ ಹೇಳಲು ಮನಸ್ಸು ಮಾಡಲಿಕ್ಕೆ ಎಷ್ಟು ಹತ್ತು ನಿಮಿಷಗಳಿದ್ದವು!

ಒಂದು ಮಧ್ಯಾಹ್ನ ಫೋನ್ ಬಂದೇ ಬಂತು. ಆ ಕಡೆ ಹೆಣ್ಣು ದನಿ, ಸರಸರ ಇಂಗ್ಲಿಷ್. ಮೋನಾಕ ತಟ್ಟನೆ ಎದ್ದು ನಿಂತು ಟೊಪ್ಪಿ ಸರಿಮಾಡಿಕೊಂಡರು. ಮೂರೂ ವಾಕ್ಯಗಳನ್ನು ಪೇಟೆಗೆ ಕೇಳುವಷ್ಟು ಗಟ್ಟಿಯಾಗಿ ಒಪ್ಪಿಸಿದರು. “ಥ್ಯಾಂಕ್ಯೂ ಮೇಡಂ” ಎಂದು ಕೂತಾಗ ಹಣೆಯಲ್ಲಿ ಬೆವರಿತ್ತು. ಹಿಂದೆಯೇ ಬಂದ ಮೆಸೇಜನ್ನು ನನ್ನ ಮುಂದೆ ಹಿಡಿದರು.

“ಏನೋ ಕೇಳಿದರು, ನನಗೆ ಅರ್ಥ ಆಗ್ಲಿಲ್ಲ. ನಾನು ನಿನ್ನ ವಿಷಯ ಎಲ್ಲ ಹೇಳಿದ್ದೇನೆ. ಅವರೇ ಅಲ್ವಾ?”

ಅದು ಕ್ರೆಡಿಟ್ ಕಾರ್ಡ್ ಬೇಕೇ ಎಂದು ಕೇಳುವ ಬ್ಯಾಂಕಿನ ಮೆಸೇಜು.

“ಹೌದು ಮೋನಾಕ, ಕಾಲೇಜಿನವರೇ” ಎಂದೆ.

ಒಮ್ಮೆ ಹೇಳಿದರೆ ಅಲ್ಲಿಗೆ ಮುಗಿಯಿತು, ಕಾಯುವ ಕಷ್ಟ ಅವರಿಗೆ ತಪ್ಪಿತು ಎಂದುಕೊಂಡೆ. ತಿಂಗಳು ಕಳೆದು ಸೀಟು ಇಲ್ಲವೆಂದು ಉತ್ತರ ಬಂತು. ಸುದ್ದಿ ಕೇಳಿದ ಮೋನಾಕ ಚಾರ್ಜಿಗೆ ಹಾಕಿದ್ದ ಫೋನನ್ನು ತೆಗೆದು ಕಿಸೆಗೆ ಹಾಕಿದರು. ಆಮೇಲೆ, “ನನ್ನ ಇಂಗ್ಲಿಷಿನಿಂದ ಹೋಯ್ತಾ ಹಾಗಾದರೆ” ಎಂದರು.

ಅಲ್ಲ ಎಂದೆ. ಹೇಗೆ ಅಲ್ಲ ಎಂದು ಹೇಳಬೇಕಾದರೆ ಎಲ್ಲವನ್ನೂ ಹೇಳಬೇಕಿತ್ತು. ಹೇಳಲಿಲ್ಲ. ಬೆಳ್ತಂಗಡಿಯಲ್ಲಿ ಕೆಲಸ ಸಿಕ್ಕಿತು, ಹೊರಟುಬಂದೆ. ಕೊನೆಯ ಸಲ ಆಸ್ಪತ್ರೆಯಲ್ಲಿ ನೋಡಿದಾಗಲೂ ಅವರು ನನ್ನ ಕೈ ಹಿಡಿದು, “ಆವತ್ತು ಫೋನು ಸಫಿಯಾಳಿಗೆ ಕೊಡಬೇಕಿತ್ತು. ಬೇಸರ ಮಾಡಬೇಡ, ಆಯ್ತಾ” ಎಂದರು. ಕ್ಷಮೆ ಕೇಳಬೇಕಾದವನು ನಾನು, ಕೇಳಿದ್ದು ಅವರು. ನಾನು ತಲೆಯಾಡಿಸಿ ಬಸ್ಸು ಹತ್ತಿದೆ. ಆ ತಲೆಯಾಡಿಸಿದ್ದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಮರುವಾರ ಅವರು ತೀರಿಕೊಂಡರು. ಈಗ ಮೂರು ವರ್ಷ.

ಮೇಲ್ ಬಂದ ದಿನ ಸಂಜೆಯೇ ಪಾಣೆಮಂಗಳೂರಿಗೆ ಹೋದೆ. ಅಂಗಡಿಯನ್ನು ಈಗ ಸಫಿಯಾಳೇ ನಡೆಸುತ್ತಾಳೆ. ಅಪ್ಪನನ್ನು ಅವಳು ಉಪ್ಪ ಎನ್ನುತ್ತಾಳೆ.

“ನಿಮ್ಮದೇ ಹೆಸರು ಹಾಕಿದೆ ಅಣ್ಣ. ಉಪ್ಪ ಹೇಳ್ತಿದ್ರು, ಅವನ ಇಂಗ್ಲಿಷ್ ಒಳ್ಳೆದುಂಟು, ನನ್ನ ಹಾಗೆ ಹಾಳು ಮಾಡ್ಲಿಕ್ಕಿಲ್ಲ ಅಂತ.”

ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಕಾಗದ, ನೆಂಟ, ಕ್ರೆಡಿಟ್ ಕಾರ್ಡ್, ಯಾವುದನ್ನೂ ಬಿಡದೆ. ಅವಳು ಕೈಯಲ್ಲಿದ್ದ ಚಪ್ಪಲಿ ಜೋಡಿಯನ್ನು ಪೆಟ್ಟಿಗೆಗೆ ಹಾಕಿದಳು, ಮತ್ತೆ ಹೊರಗೆ ತೆಗೆದಳು.

“ಉಪ್ಪನಿಗೆ ಹೇಳಬಹುದಿತ್ತಲ್ಲ ಅಣ್ಣ. ಬೈತಿದ್ರು. ಮತ್ತೆ ಚಾ ತರಿಸ್ತಿದ್ರು. ಅಷ್ಟೇ ಅಲ್ವಾ ಆಗ್ತಿದ್ದದ್ದು?”

“ನನ್ನ ಹೆಸರು ತೆಗೆದುಬಿಡು” ಎಂದೆ.

“ಫಾರ್ಮ್ ಕಳಿಸಿ ಆಯ್ತು. ಇನ್ನು ತೆಗೀಲಿಕ್ಕೆ ಆಗುದಿಲ್ಲ” ಎಂದಳು, ನನ್ನ ಮುಖ ನೋಡದೆ. “ಬರೀರಿ. ಇದ್ದದ್ದು ಮಾತ್ರ ಬರೀರಿ.”

ಬರೆದೆ. ನನ್ನ ಚೆಂದದ ಇಂಗ್ಲಿಷನ್ನೆಲ್ಲ ಹೊಡೆದು ಹಾಕಿ ಪುಸ್ತಕದೊಳಗಿದ್ದ ಮೋನಾಕನ ಕಾಗದದ ಮೂರನೆಯ ವಾಕ್ಯವನ್ನು ಸಫಿಯಾಳಿಗಾಗಿ ಹಾಗೆಯೇ ಇಳಿಸಿದೆ, ತೊಡರನ್ನೂ ತಿದ್ದದೆ. ಕೆಳಗೆ ನನ್ನ ನಂಬರು ಹಾಕಿದೆ. ಅಂದಿನಿಂದ ಗುರುತಿಲ್ಲದ ಯಾವ ಫೋನನ್ನೂ ನಾನು ಕಟ್ ಮಾಡುವುದಿಲ್ಲ.

ನಿನ್ನೆ ಮಧ್ಯಾಹ್ನ ಒಂದು ಬಂತು. ಹೆಣ್ಣು ದನಿ, ಸರಸರ ಇಂಗ್ಲಿಷ್. ನನಗೇ ತಿಳಿಯದೆ ಎದ್ದು ನಿಂತಿದ್ದೆ. ಕ್ರೆಡಿಟ್ ಕಾರ್ಡ್ ಬೇಕೇ ಸರ್ ಎಂದು ಕೇಳುತ್ತಿದ್ದಳು. ಬೇಡ ಎಂದು ಹೇಳಿದೆ. ಫೋನು ಇಟ್ಟ ಮೇಲೂ ತುಂಬ ಹೊತ್ತು ನಿಂತೇ ಇದ್ದೆ.