ಅಚ್ಚಾಗದೆ ಹೆಸರು ಮಾಡಿದ ಲೇಖನ

ನನಗೆ ಸಿಟ್ಟು ಬಂದರೆ ಬೇಗ ಇಳಿಯುವುದಿಲ್ಲ. ನಮ್ಮಮ್ಮ ಅದನ್ನು ರೋಗ ಅನ್ನುತ್ತಾಳೆ, ನಾನು ಜ್ಞಾಪಕಶಕ್ತಿ ಅನ್ನುತ್ತೇನೆ. ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಹೋಗುವ ದಾರಿಯ ಒಂದು ಕಾಲೇಜಿನಲ್ಲಿ ಪಾಠ ಮಾಡುವವಳು ನಾನು. ವಿಷಯ ಮಾಹಿತಿ ವ್ಯವಸ್ಥೆ. ಬ್ಯಾಂಕು, ಕಚೇರಿ, ಡೈರಿಗಳಿಗೆ ಕಂಪ್ಯೂಟರ್ ತಂದಿಟ್ಟ ಮೇಲೆ ಜನ ಅದನ್ನು ನಿಜಕ್ಕೂ ಹೇಗೆ ಬಳಸುತ್ತಾರೆ ಅನ್ನುವುದೇ ನಮ್ಮ ಸಂಶೋಧನೆ.

ನಮ್ಮಲ್ಲಿ ಬಡ್ತಿ ಬೇಕೆಂದರೆ ಒಳ್ಳೆಯ ದರ್ಜೆಯ ಜರ್ನಲ್ಲಿನಲ್ಲಿ ಲೇಖನ ಬರಬೇಕು. ಯಾವ ಜರ್ನಲ್ ಒಳ್ಳೆಯದು? ಅದರಲ್ಲಿ ಬಂದ ಲೇಖನಗಳನ್ನು ಬೇರೆಯವರು ತಮ್ಮ ಲೇಖನದ ಕೊನೆಯಲ್ಲಿ ಎಷ್ಟು ಸಲ ಹೆಸರಿಸಿದ್ದಾರೆ ಎಂದು ಎಣಿಸುತ್ತಾರೆ. ಹಾಗೆ ಹೆಸರಿಸುವುದಕ್ಕೆ ಸೈಟೇಶನ್ ಅನ್ನುತ್ತಾರೆ. ಸೈಟೇಶನ್ ಹೆಚ್ಚಿದ್ದರೆ ಪ್ರಭಾವ ಹೆಚ್ಚು. ಓದಿ ಹೆಸರಿಸಿದರೋ ಓದದೆಯೋ ಎಂದು ಯಾರೂ ಕೇಳುವುದಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥರು ಇದನ್ನು ಅರೆದು ಕುಡಿದಿದ್ದರು. ಕಾಲೇಜಿನದೇ ಒಂದು ಜರ್ನಲ್ ಇತ್ತು, ಅವರೇ ಸಂಪಾದಕರು. ಅದರಲ್ಲಿ ಬಂದ ಲೇಖನಗಳ ಹೆಸರುಗಳನ್ನು ಪೋಣಿಸಿ ನಮ್ಮೆಲ್ಲರಿಗೂ ಇಮೇಲಿನಲ್ಲಿ ಕಳಿಸುತ್ತಿದ್ದರು. ನಾವು ಏನೇ ಬರೆಯಲಿ, ಎಲ್ಲಿಗೇ ಕಳಿಸಲಿ, ಕೊನೆಯಲ್ಲಿ ಅದನ್ನು ಹಾಗೇ ಅಂಟಿಸಬೇಕು. ಸ್ಟಾಫ್ ರೂಮಿನಲ್ಲಿ ಅದಕ್ಕೆ 'ಬಾಲ' ಎಂದು ಹೆಸರು ಬಿದ್ದಿತ್ತು. ಆಸ್ಪತ್ರೆಯ ಕಂಪ್ಯೂಟರ್ ಬಗ್ಗೆ ಬರೆದವರಿಗೂ ಅದೇ ಬಾಲ, ಕ್ಯಾಬ್ ಆಪ್ ಬಗ್ಗೆ ಬರೆದವರಿಗೂ ಅದೇ ಬಾಲ. ಬಾಲವಿಲ್ಲದ ಲೇಖನಕ್ಕೆ ಅವರ ಸಹಿ ಬೀಳುತ್ತಿರಲಿಲ್ಲ. ಹೀಗೆ ಆ ಜರ್ನಲ್ ಕಾಲೇಜಿನ ಪಟ್ಟಿಯಲ್ಲಿ ಎ ದರ್ಜೆಗೆ ಏರಿ ಕೂತಿತ್ತು.

ನಾನು ಸಾಸಲು ಕಡೆಯ ಹಾಲಿನ ಡೈರಿಗಳ ಬಗ್ಗೆ ಒಂದು ಲೇಖನ ಬರೆದೆ. ಹಾಲು ಹಾಕುವ ಹೆಂಗಸರು ಕಂಪ್ಯೂಟರ್ ಪರದೆಯ ಮೇಲಿನ ಫ್ಯಾಟನ್ನು, ಅಂದರೆ ಹಾಲಿನ ಕೊಬ್ಬಿನ ಅಂಕಿಯನ್ನು, ನಂಬುವುದಿಲ್ಲ, ಡೈರಿ ಕಾರ್ಯದರ್ಶಿ ಬಾಯಿಬಿಟ್ಟು ಕೂಗಿ ಹೇಳಿದ ಮೇಲೆ ನಂಬುತ್ತಾರೆ. ಯಾಕೆ ಎಂದು ತಿಳಿಯಲು ಬೆಳಗ್ಗೆ ಬೆಳಗ್ಗೆ ಕ್ಯಾನುಗಳ ಪಕ್ಕ ನಿಂತಿದ್ದೇನೆ, ಚಳಿಯಲ್ಲಿ ಹಲ್ಲು ಕಡಿದಿದ್ದೇನೆ. ಮುಖ್ಯಸ್ಥರು ಅದನ್ನು ಒಪ್ಪಿಕೊಂಡರು, 'ಮುಂದಿನ ಸಂಚಿಕೆಯಲ್ಲಿ' ಎಂದು ನಮೂದಿಸಿ ಬಾಲಕ್ಕೂ ಸೇರಿಸಿದರು. ಆಮೇಲೆ ಕರೆದು, ತಮ್ಮ ಹೆಸರು ಮೊದಲು ಬರಬೇಕು, ನನ್ನದು ಎರಡನೆಯದು ಎಂದರು. ಡೈರಿಯ ಬಾಗಿಲು ಎತ್ತ ಕಡೆಗಿದೆ ಎಂದೂ ತಿಳಿಯದ ಮನುಷ್ಯ! ಆಗುವುದಿಲ್ಲ ಎಂದೆ.

ಮರುದಿನದ ಮೀಟಿಂಗಿನಲ್ಲಿ ಎಲ್ಲರೆದುರು ನನ್ನ ಲೇಖನವನ್ನು ಮೇಜಿನ ಮೇಲೆ ಎಸೆದರು. "ಇದು ಸಿ ದರ್ಜೆ ಪೇಪರ್ ಕಣಮ್ಮ. ಸಗಣಿ ವಾಸನೆ ಹೊಡೀತದೆ. ನಮ್ಮ ಜರ್ನಲ್ಲಿಗೆ ತಕ್ಕದ್ದಲ್ಲ." ಕೆಲವರು ನಕ್ಕರು. ಯಾರ್‍ಯಾರು ನಕ್ಕರು ಎಂದು ಇವತ್ತಿಗೂ ಹೇಳಬಲ್ಲೆ.

ನಗದೆ ಇದ್ದವರಲ್ಲಿ ಒಬ್ಬಳು ನನ್ನ ಜೊತೆ ಕಾಲೇಜು ಬಸ್ಸಿನಲ್ಲಿ ಬರುತ್ತಿದ್ದ ಗೆಳತಿ. ಅವಳೂ ನಮ್ಮ ವಿಭಾಗದವಳೇ. ಮರುದಿನ ನನಗೆಂದೇ ಅವರೆಕಾಳು ಉಪ್ಪಿಟ್ಟು ಮಾಡಿ ತಂದಿದ್ದಳು. "ಅವರ ಹೆಸರು ಹಾಕಿದ್ರೆ ನಿನ್ ಗಂಟೇನ್ ಹೋಗ್ತಿತ್ತು ಕಣೇ? ತಲೆ ಬಗ್ಗಿಸ್ಕೊಂಡು ಬಡ್ತಿ ತಗೊಂಡ್ಬಿಡು" ಎಂದಳು. ಅವಳು ಹಾಗೇ ಬದುಕಿದವಳು. ಅವಳ ಲೇಖನಗಳೆಲ್ಲ ಆ ಜರ್ನಲ್ಲಿನಲ್ಲೇ ಬಂದಿದ್ದವು.

ನಾನು ಲೇಖನವನ್ನು ಹೊರರಾಜ್ಯದ ಒಂದು ಸಣ್ಣ ಜರ್ನಲ್ಲಿಗೆ ಕಳಿಸಿದೆ. ಅಲ್ಲಿ ಅಚ್ಚಾಯಿತು. ಮುಖ್ಯಸ್ಥರು ಆ ಜರ್ನಲ್ಲನ್ನು ಸಿ ದರ್ಜೆಗೆ ತಳ್ಳಿದರು. ನನ್ನ ಬಡ್ತಿ ಅಲ್ಲಿಗೆ ನಿಂತಿತು.

ಆದರೆ ಮಹಾಶಯರು ಒಂದು ಮರೆತಿದ್ದರು. ಸಂಚಿಕೆಯಿಂದ ನನ್ನ ಲೇಖನವನ್ನು ಕಿತ್ತರು, ಬಾಲದಿಂದ ಕೀಳಲಿಲ್ಲ. ಹೊಸ ಸಂಚಿಕೆ ಬಂದ ಹಾಗೆಲ್ಲ ಹಳೆಯ ಸಂಚಿಕೆಯ ಹೆಸರುಗಳನ್ನು ತೆಗೆಯುತ್ತಿದ್ದರು, ಯಾವ ಸಂಚಿಕೆಗೂ ಸೇರದ ನನ್ನದು ಉಳಿದೇ ಹೋಯಿತು. ಬಾಲವನ್ನು ಯಾರು ಓದುತ್ತಾರೆ? ಎಲ್ಲರೂ ಅಂಟಿಸುತ್ತಲೇ ಹೋದರು. ನಮ್ಮ ಜರ್ನಲ್ಲಿನಲ್ಲಿ ಅಚ್ಚೇ ಆಗದ ನನ್ನ ಲೇಖನ ಲೇಖನದಿಂದ ಲೇಖನಕ್ಕೆ ಹೋಗುತ್ತಾ, ಹೋಗುತ್ತಾ 'ಮುಂದಿನ ಸಂಚಿಕೆಯಲ್ಲಿ' ಎಂಬುದನ್ನೂ ಕಳೆದುಕೊಂಡು, ಅಚ್ಚಾದ ಲೇಖನದ ಠೀವಿಯಲ್ಲಿ ಎಲ್ಲೆಲ್ಲೂ ಕಾಣಿಸಿಕೊಂಡಿತು. ನಾನು ನೋಡಿದೆ, ಯಾರಿಗೂ ಹೇಳಲಿಲ್ಲ. ಗೆಳತಿಗೂ ಹೇಳಲಿಲ್ಲ. ಬೂದಿಯೊಳಗೆ ಕೆಂಡ ಮುಚ್ಚಿಟ್ಟ ಹಾಗೆ ಇಟ್ಟುಕೊಂಡೆ.

ಕಳೆದ ವರ್ಷ ಆಡಳಿತ ಮಂಡಳಿಗೆ ನಮ್ಮ ಜರ್ನಲ್ಲಿನ ಮೇಲೆ ದೂರು ಹೋಯಿತು. ಬಡ್ತಿಗೆ ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ತೀರ್ಮಾನಿಸಲು ಹೊರಗಿನಿಂದ ಒಬ್ಬ ಹಿರಿಯ ಪ್ರೊಫೆಸರಮ್ಮನನ್ನು ಕರೆಸಿದರು. ಅವರು ಬರುವ ದಿನದ ಸಂಜೆಯೇ ಬಡ್ತಿಯ ಸಂದರ್ಶನಗಳು. ಗೆಳತಿಯ ಸರದಿಯೂ ಇತ್ತು. ಸೈಟೇಶನ್ ಎಣಿಸುವ ಬೇಸರದ ಕೆಲಸವನ್ನು ಮುಖ್ಯಸ್ಥರು ನನ್ನ ತಲೆಗೆ ಕಟ್ಟಿದರು, ಇವಳೇನು ಮಾಡಿಯಾಳು ಎಂಬ ಧೈರ್ಯದಲ್ಲಿ.

ನಾನು ಏನನ್ನೂ ತಿದ್ದಲಿಲ್ಲ. ಎಣಿಸಿದ್ದನ್ನು ಎಣಿಸಿದ ಹಾಗೇ ಪ್ರೊಫೆಸರಮ್ಮನ ಮುಂದೆ ಪರದೆಯ ಮೇಲೆ ಹಾಕಿದೆ. ನಮ್ಮ ಜರ್ನಲ್ಲಿನಲ್ಲಿ ಎಲ್ಲಕ್ಕಿಂತ ಪ್ರಭಾವಶಾಲಿ ಲೇಖನ: ಹಾಲಿನ ಡೈರಿ. ಮುಖ್ಯಸ್ಥರ ಮುಖ ನೋಡಬೇಕಿತ್ತು! ಮೊದಲು ನನ್ನನ್ನು ನೋಡಿದರು, ಆಮೇಲೆ ಪರದೆಯನ್ನು, ಆಮೇಲೆ ಫ್ಯಾನನ್ನು.

"ಇಷ್ಟು ಜನ ಓದಿರೋ ಲೇಖನ, ನಾನೂ ಓದ್ಬೇಕಲ್ಲ. ತರಿಸಿ" ಎಂದರು ಪ್ರೊಫೆಸರಮ್ಮ.

"ಆ ಸಂಚಿಕೆ ಬೈಂಡಿಂಗ್‌ಗೆ ಹೋಗಿದೆ ಮೇಡಂ" ಎಂದರು ಮುಖ್ಯಸ್ಥರು.

"ವೆಬ್‌ಸೈಟಲ್ಲಿ ಇರುತ್ತಲ್ಲ. ಊಟ ಆದ್ಮೇಲೆ ತೋರಿಸಿ."

ಊಟದ ಹೊತ್ತಿಗೆ ಕ್ಯಾಂಟೀನಿನ ಕೈ ತೊಳೆಯುವ ಜಾಗಕ್ಕೆ ಮುಖ್ಯಸ್ಥರೇ ನನ್ನನ್ನು ಹುಡುಕಿಕೊಂಡು ಬಂದರು. ಇಷ್ಟು ವರ್ಷ ಏನಮ್ಮ ಅನ್ನುತ್ತಿದ್ದವರು ಅವತ್ತು ಮೇಡಂ ಅಂದರು. "ಮೇಡಂ, ಆ ಫೈಲ್ ನಿಮ್ಮತ್ರ ಇರುತ್ತಲ್ಲ, ಕೊಟ್ಬಿಡಿ. ಹಳೇ ಸಂಚಿಕೆಗೆ ಈಗ್ಲೇ ಸೇರಿಸಿಬಿಡ್ತೀನಿ. ನಿಮ್ಮೊಬ್ಬರದೇ ಹೆಸರು ಇರ್ಲಿ. ಮುಂದಿನ ಮೀಟಿಂಗಲ್ಲಿ ನಿಮ್ಮ ಬಡ್ತಿ ಆಯ್ತು ಅಂತಲೇ ತಿಳ್ಕೊಳ್ಳಿ." ನನಗೆ ಎಷ್ಟು ಹಿತವಾಯಿತೆಂದರೆ, ಕೈ ತೊಳೆದದ್ದೇ ತೊಳೆದೆ.

ಫೈಲು ನನ್ನ ಫೋನಿನಲ್ಲೇ ಇತ್ತು. ಕಳಿಸಿದ್ದರೆ ಜರ್ನಲ್ ಉಳಿಯುತ್ತಿತ್ತು, ನನ್ನ ಬಡ್ತಿ ಆಗುತ್ತಿತ್ತು. ಒಳಗೆ ಗೆಳತಿ ಊಟ ಮಾಡುತ್ತಾ ಕೂತಿದ್ದಳು. ಸಂದರ್ಶನಕ್ಕೆಂದು ಹೊಸ ಸೀರೆ ಉಟ್ಟಿದ್ದಳು, ಅದರ ಮೇಲೆ ಸಾರು ಬೀಳದಿರಲೆಂದು ಮಡಿಲಿಗೆ ಕರವಸ್ತ್ರ ಹಾಸಿಕೊಂಡಿದ್ದಳು.

"ಅದು ಸಿ ದರ್ಜೆ ಪೇಪರ್ ಸಾರ್. ನಮ್ಮ ಜರ್ನಲ್ಲಿಗೆ ತಕ್ಕದ್ದಲ್ಲ" ಎಂದೆ.

ಮಧ್ಯಾಹ್ನ ಪ್ರೊಫೆಸರಮ್ಮ ವೆಬ್‌ಸೈಟಿನ ಸಂಚಿಕೆಗಳನ್ನೆಲ್ಲ ತೆರೆಸಿ ನೋಡಿದರು, ಹಾಲಿನ ಡೈರಿ ಎಲ್ಲೂ ಸಿಗಲಿಲ್ಲ. "ಈ ಜರ್ನಲ್ಲಲ್ಲಿ ಇಲ್ಲದ ಲೇಖನವನ್ನೇ ಇಷ್ಟು ಜನ ಹೆಸರಿಸಿದ್ದಾರೆ ಅಂದ್ರೆ, ಇರೋ ಲೇಖನಗಳ ಲೆಕ್ಕವನ್ನ ನಾನು ಹೇಗೆ ನಂಬಲಿ?" ಎಂದು ಕನ್ನಡಕ ತೆಗೆದಿಟ್ಟರು. ಜರ್ನಲ್ ಪಟ್ಟಿಯಿಂದ ಹೊರಬಿತ್ತು. ಅದರಲ್ಲಿ ಬಂದ ಯಾವ ಲೇಖನವೂ ಬಡ್ತಿಗೆ ಲೆಕ್ಕವಿಲ್ಲ ಎಂದಾಯಿತು. ಸ್ವಲ್ಪ ದಿನದಲ್ಲಿ ಮುಖ್ಯಸ್ಥರ ಕುರ್ಚಿಯೂ ಹೋಯಿತು. ಈಗ ಅವರು ಲ್ಯಾಬಿನ ಹಿಂದಿನ ಕೋಣೆಯಲ್ಲಿ ಕೂರುತ್ತಾರೆ. ನನ್ನ ಕ್ಲಾಸಿಗೆ ಅದು ಸುತ್ತುದಾರಿ, ಆದರೂ ದಿನವೂ ಅದೇ ದಾರಿಯಲ್ಲಿ ಹೋಗುತ್ತೇನೆ, ಬಾಗಿಲಲ್ಲಿ ನಿಂತು ನಮಸ್ಕಾರ ಸಾರ್ ಅನ್ನುತ್ತೇನೆ. ಕನಿಕರ ಇನ್ನೂ ಬಂದಿಲ್ಲ.

ಗೆಳತಿಯನ್ನು ಅವತ್ತು ಸಂದರ್ಶನಕ್ಕೆ ಕರೆಯಲೇ ಇಲ್ಲ. ಸಂಜೆ ಬಸ್ಸು ಹತ್ತುವ ಮುಂಚೆ ಗೇಟಿನ ಬಳಿ ನನ್ನನ್ನು ನಿಲ್ಲಿಸಿದಳು. ಅಷ್ಟರಲ್ಲಿ ಅವಳಿಗೆ ಎಲ್ಲ ತಿಳಿದಿತ್ತು, ಕೈ ತೊಳೆಯುವಲ್ಲಿ ನಡೆದ ಮಾತೂ ಮುಖ್ಯಸ್ಥರಿಂದಲೇ ತಿಳಿದಿತ್ತು. ಅಳಲಿಲ್ಲ, ಕೂಗಾಡಲಿಲ್ಲ.

"ಅವ್ರು ಕೇಳಿದಾಗ ನನ್ ನೆನಪು ಒಂಚೂರೂ ಬರ್ಲಿಲ್ವೇನೆ ನಿಂಗೆ?"

ಇಲ್ಲ ಎಂದಿದ್ದರೆ ಅವಳು ಕ್ಷಮಿಸುತ್ತಿದ್ದಳು. ಅಷ್ಟು ನನಗೆ ಗೊತ್ತು.

"ಬಂತು" ಎಂದೆ.