ಚಿಕ್ಕರಸಿನಕೆರೆಯಲ್ಲಿ ನಿಂತ ಬಸ್ಸು

ವಿಡಿಯೋ ಗೇಮುಗಳಲ್ಲಿ ನಾನಾಗಿ ಸೋತದ್ದಕ್ಕಿಂತ ನಮ್ಮ ಮನೆಯವರು ನನ್ನನ್ನು ಸೋಲಿಸಿದ್ದೇ ಹೆಚ್ಚು. ಈ ಮಾತನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಬೇರೆಯವರ ಮನೆಗಳಲ್ಲಿ ಮಕ್ಕಳು ಆಟಕ್ಕೆ ಕೂತರೆ, ಓದ್ಕೋ ಹೋಗು ಅಂತ ಒಂದು ಸಲ ಗದರಿ ಸುಮ್ಮನಾಗುತ್ತಾರೆ. ಮಳವಳ್ಳಿಯ ನಮ್ಮ ಮನೆಯಲ್ಲಿ ಗದರುವವರೇ ಇರಲಿಲ್ಲ. ಎಲ್ಲರೂ ಚಪ್ಪಲಿ ಬಿಟ್ಟು ಆಟದ ಒಳಗೇ ಬಂದುಬಿಡುತ್ತಿದ್ದರು.

ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಅಪ್ಪ ಮಂಡ್ಯದಿಂದ ಟಿವಿಗೆ ಸಿಕ್ಕಿಸುವ ಗೇಮಿನ ಡಬ್ಬ ತಂದರು. ಜೊತೆಗೊಂದು ಪ್ಲಾಸ್ಟಿಕ್ ಪಿಸ್ತೂಲು. ಟಿವಿಯೊಳಗೆ ಬಾತುಕೋಳಿ ಹಾರುತ್ತಿದ್ದವು, ಗುರಿಯಿಟ್ಟು ಹೊಡೆದರೆ ದೊಪ್ಪನೆ ಬೀಳುತ್ತಿದ್ದವು. ನಾನು ಮೊದಲನೆಯ ದಿನ ನಾಲ್ಕೈದು ಬೀಳಿಸಿದ್ದೆನೋ ಇಲ್ಲವೋ, ಅವ್ವ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿಬಂದಳು.

"ಸ್ವಾಮಾರ ಕಣೇ ಇವತ್ತು, ಸ್ವಾಮಾರ! ಮನೇಲಿ ಮಾಂಸ ಮುಟ್ಟಾಕಿಲ್ಲ, ನೀನ್ ನೋಡುದ್ರೆ ನಡ್ಮನೇಲಿ ಕೂತ್ಕಂಡು ಕೋಳಿ ಒಡೀತಿದ್ಯಲ್ಲ!"

ಅಲ್ಲಿಂದಾಚೆಗೆ ಸೋಮವಾರ, ಶನಿವಾರ ನಮ್ಮ ಮನೆಯ ಟಿವಿಯಲ್ಲಿ ಬಾತುಕೋಳಿಗಳು ನೆಮ್ಮದಿಯಾಗಿ ಹಾರಿಕೊಂಡಿದ್ದವು. ಭಾನುವಾರ ಮಾತ್ರ ಅವ್ವ ತಾನೇ ಪಕ್ಕದಲ್ಲಿ ಬಂದು ಕೂರುತ್ತಿದ್ದಳು. "ಆ ದಪ್ಪಗಿರೋದ್ಕೆ ಒಡಿ, ಆ ಸಣ್ಣದ್ರಲ್ಲಿ ಏನೂ ಇಲ್ಲ ಬುಡು" ಅಂತ ಆರಿಸಿ ತೋರಿಸುತ್ತಿದ್ದಳು. ಗುರಿ ತಪ್ಪಿದಾಗ ಪೊದೆಯಿಂದ ಒಂದು ನಾಯಿ ಎದ್ದು ನಗುತ್ತಿತ್ತು. ಅದನ್ನು ಕಂಡರೆ ಅವ್ವನಿಗೆ ಆಗುತ್ತಿರಲಿಲ್ಲ. ಸಾಕಿದವರಿಗೆ ಬುದ್ಧಿ ಬೇಡವಾ ಅನ್ನುತ್ತಿದ್ದಳು.

ಆಮೇಲೆ ಅಪ್ಪನ ಮೊದಲ ಮೊಬೈಲು ಬಂತು, ಅದರಲ್ಲಿ ಹಾವಿನ ಆಟ ಬಂತು. ಹಾವು ಕಾಳು ತಿಂದು ತಿಂದು ಉದ್ದವಾಗಬೇಕು, ತನ್ನ ಬಾಲ ತಾನೇ ಕಚ್ಚಿದರೆ ಸತ್ತಿತು, ಅಷ್ಟೇ. ಅಪ್ಪ ಆ ಹಾವನ್ನು ಎಡಗಡೆ ಬಿಟ್ಟು ಬಲಕ್ಕೆ ತರುತ್ತಲೇ ಇರಲಿಲ್ಲ. ಕಾಳು ಬಲಗಡೆ ಬಿದ್ದಿದ್ದರೆ ಅದು ಹೋಗಲಿ ಅನ್ನುತ್ತಿದ್ದರು. "ಎದ್ರುಗಡೆಯಿಂದ ಯಾವ್ದಾರಾ ಬಂದ್ರೆ ಏನವ್ವ ಮಾಡೀಯೆ?" ಎದುರಿಗೆ ಇನ್ನೊಂದು ಹಾವು ಬರುವ ಆಟ ಅದಲ್ಲ ಅಂತ ಹೇಳಿ ಹೇಳಿ ನನ್ನ ಗಂಟಲು ಬಿದ್ದುಹೋಯಿತು.

ಅಪ್ಪ ಬಸ್ ಡ್ರೈವರು. ಮಳವಳ್ಳಿ, ಮದ್ದೂರು, ಮಂಡ್ಯ ಲೈನಿನಲ್ಲಿ ಓಡುತ್ತಿದ್ದ ಹಸಿರು ಬಣ್ಣದ ಪ್ರೈವೇಟ್ ಬಸ್ಸು. ನನಗೆ ಬುದ್ಧಿ ಬಂದಾಗಿನಿಂದ ಅದಕ್ಕೆ ಇವರೇ ಡ್ರೈವರು, ನಮ್ಮ ಹಿಂದಿನ ಬೀದಿಯ ಮಾವನೇ ಕಂಡಕ್ಟರು. ನೆಂಟರೇನೂ ಅಲ್ಲ, ಆದರೂ ನಾನು ಕರೆಯುತ್ತಿದ್ದದ್ದು ಮಾವ ಅಂತಲೇ. ಆ ಮಾವ ಒಂದು ಸಲ 'ರ್ರಾಯ್ಟ್' ಅಂದರೆ ಬಸ್ ಸ್ಟ್ಯಾಂಡಿನ ಪಾರಿವಾಳಗಳೆಲ್ಲ ಎದ್ದು ಹೋಗುತ್ತಿದ್ದವು. ನಿಲ್ಲಿಸಬೇಕಾದಾಗ 'ಓಲ್ಡಾನ್'. ಈ ಎರಡು ಮಾತಿನ ಮೇಲೆ ಅಪ್ಪನ ಜೀವನ ನಡೆದಿತ್ತು. ಜನ ಹತ್ತಿ ಮುಗಿದದ್ದು ಕನ್ನಡಿಯಲ್ಲಿ ಕಣ್ಣಿಗೆ ಕಂಡರೂ, ಮಾವನ ಬಾಯಿಂದ ರೈಟ್ ಬೀಳದೆ ಗೇರು ಹಾಕಿದವರಲ್ಲ. ರೈಟ್ ಬಿದ್ದ ಮೇಲೂ ಒಂದು ಸಲ ಕೂಗಿ ಕೇಳುತ್ತಿದ್ದರು, "ಅತ್ತಿದ್ಯೇನ್ಲಾ?"

ನಮ್ಮ ಕಡೆ ಹಕಾರ ಬಾಯಿಗೆ ಬರುವುದಿಲ್ಲ, ಬಂದರೂ ಉಳಿಯುವುದಿಲ್ಲ. ಇದರಿಂದ ನನಗೆ ಇಸ್ಕೂಲಿನಲ್ಲಿ ಮಾನ ಹೋಗಿತ್ತು. ಧಾರವಾಡದ ಕಡೆಯಿಂದ ಬಂದಿದ್ದ ಹೊಸ ಮೇಷ್ಟ್ರು ಯಾಕೆ ತಡ ಅಂದಾಗ "ನಾನು ಮೊದ್ಲೇ ಅತ್ತಿದ್ದೆ ಸಾ, ಬಸ್ಸೇ ಲೇಟು" ಅಂದೆ. ಆ ಪುಣ್ಯಾತ್ಮ ಕರಗಿಹೋಗಿ, ಬಸ್ಸು ತಡವಾದರೆ ಅದಕ್ಕೆಲ್ಲ ಅಳಬಾರದು ತಂಗಿ ಅಂತ ತಲೆ ಸವರಿದರು. ನಮ್ಮ ಮನೆಯಲ್ಲಿ ಇದನ್ನು ಹೇಳಿಕೊಂಡು ವಾರಗಟ್ಟಲೆ ನಕ್ಕಿದ್ದೇವೆ. ಎಲ್ಲರಿಗಿಂತ ಹೆಚ್ಚು ನಕ್ಕವರು ಮಾವ.

ಅಪ್ಪ ಸ್ಟೀರಿಂಗ್ ಬಿಡುವ ಕಡೇ ದಿನ ಮಳವಳ್ಳಿಯಲ್ಲಿ ಓನರು ಹಾರ, ಶಾಲು, ಫೋಟೋದವನನ್ನು ಇಟ್ಟುಕೊಂಡು ಕಾಯುತ್ತಿದ್ದರು. ಬಸ್ಸು ಮದ್ದೂರಿನಿಂದ ಹೊರಟಿತ್ತು. ಚಿಕ್ಕರಸಿನಕೆರೆಯಲ್ಲಿ ಒಬ್ಬ ಅಜ್ಜಿಯ ರಾಗಿ ಮೂಟೆ ಇಳಿಸಿಕೊಡಲು ಮಾವ ಕೆಳಗಿಳಿದರು. ಅಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಯಾರೋ ಒಬ್ಬ ಫೋನಿನಲ್ಲಿ ಸೈಟಿನ ವ್ಯಾಪಾರ ಮಾತಾಡುತ್ತಿದ್ದವನು ಜೋರಾಗಿ "ರೈಟ್, ರೈಟ್, ಆಯ್ತು ಬುಡು" ಅಂದ. ಅಪ್ಪನ ಕಿವಿ ಅವತ್ತು ಎಲ್ಲಿತ್ತೋ, ಹಾರದ ಮೇಲಿತ್ತೋ. ಬಸ್ಸು ಎತ್ತಿದವರು ಸೀದಾ ಮಳವಳ್ಳಿಗೆ ಬಂದು ನಿಲ್ಲಿಸಿದರು. ಹಾರ ಹಾಕಿಸಿಕೊಂಡು, ಫೋಟೋಗೆ ನಿಂತು, "ಎಲ್ಲೋದ ನಮ್ಮೋನು?" ಅಂತ ಹುಡುಕುವಷ್ಟರಲ್ಲಿ ಕಬ್ಬು ಇಳಿಸಿ ಖಾಲಿ ಬರುತ್ತಿದ್ದ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ನಿಂತುಕೊಂಡು, ಹೆಗಲಿಗೆ ಟಿಕೆಟ್ ಬ್ಯಾಗು ನೇತುಹಾಕಿಕೊಂಡು ಮಾವ ಬಂದರು. ಬಸ್ ಸ್ಟ್ಯಾಂಡಿಗೆ ಬಸ್ ಸ್ಟ್ಯಾಂಡೇ ಬಿದ್ದು ಬಿದ್ದು ನಕ್ಕಿತು. ಮಾವ ನಗಲಿಲ್ಲ.

"ಇಷ್ಟು ವರ್ಸ ಆದ್ರೂ ನನ್ ದನಿ ಯಾವ್ದು, ಕಂಡೋರ್ ದನಿ ಯಾವ್ದು ಅಂತ ಗುರ್ತಾಗ್ನಿಲ್ವಲ್ಲ ನಿಂಗೆ" ಅಂದರು. ಬ್ಯಾಗನ್ನು ಬಾನೆಟ್ಟಿನ ಮೇಲೆ ಇಟ್ಟು ಮನೆಗೆ ಹೋದರು.

ಅವತ್ತಿಗೆ ಮಾತು ನಿಂತಿತು. ಇಬ್ಬರೂ ಒಂದೇ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರು ಬೇರೆ ಬೇರೆ ಹೋಟೆಲು ಹಿಡಿದರು. ಆಮೇಲೆ ಅಪ್ಪ ಕಾಫಿಗೂ ಹೋಗುವುದು ಬಿಟ್ಟರು. ಬೆಳಗ್ಗೆ ಎದ್ದು ಖಾಕಿ ಶರಟು ಹಾಕಿಕೊಂಡು ಜಗಲಿಯ ಮೇಲೆ ಕೂತರೆ ಕೂತರು.

ಅದಕ್ಕೇ ನಾನು ಬಸ್ಸು ಓಡಿಸುವ ಆಟ ತಂದುಕೊಟ್ಟೆ. ಯಾವುದೋ ಹೊರದೇಶದ ರಸ್ತೆಗಳು, ಆದರೆ ಬಸ್ಸಿಗೆ ನಮಗೆ ಬೇಕಾದ ಬಣ್ಣ ಬಳಿಯಬಹುದು. ನಾನು ಎರಡು ಭಾನುವಾರ ಕೂತು ಅದೇ ಹಸಿರು ಬಳಿದು, 'ಮಳವಳ್ಳಿ – ಮದ್ದೂರು – ಮಂಡ್ಯ' ಅಂತ ಬೋರ್ಡು ಬರೆದು, ಅಪ್ಪನ ಫೋನಿನಿಂದ ಟಿವಿಗೆ ಹಾಕಿ, ಆಟದ ರಿಮೋಟನ್ನು ಅಪ್ಪನ ಕೈಗೆ ಕೊಟ್ಟೆ. ಅಪ್ಪ ರಿಮೋಟನ್ನು ಕಣ್ಣಿಗೆ ಒತ್ತಿಕೊಂಡು, ಚಪ್ಪಲಿ ಕಳಚಿ, ಬೆನ್ನು ನೆಟ್ಟಗೆ ಮಾಡಿ ಕೂತರು. ಆಮೇಲೆ ಸುಮ್ಮನೆ ಕೂತೇ ಇದ್ದರು.

"ಓಡ್ಸಿ ಅಪ್ಪಾ" ಅಂದೆ.

"ರೈಟ್ ಅನ್ಬೇಕಲ್ಲವ್ವ ಯಾರಾರಾ."

ರೈಟ್ ಅಂದೆ. ತರಕಾರಿ ಮಾರಿದ ಹಾಗಿದೆ ಅಂದರು. ಆದರೂ ಎತ್ತಿದರು. ನಾಲ್ಕು ದಿನ ಚೆನ್ನಾಗಿಯೇ ನಡೆಯಿತು. ಆ ದೇಶದ ಜನ ಅಪ್ಪನಿಗೆ ಹಿಡಿಸಲಿಲ್ಲ, ಅಷ್ಟೇ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರು ಒಬ್ಬರೂ ಇಲ್ಲ, ಬಾನೆಟ್ಟಿನ ಮೇಲೆ ಕೂರುವವರಿಲ್ಲ, ಇದೆಂಥಾ ದೇಶ ಅನ್ನುತ್ತಿದ್ದರು. ಒಂದು ದೊಡ್ಡ ಸೇತುವೆ ದಾಟಿದ ಕೂಡಲೇ ಅದು ಶಿಂಷಾ, ಮದ್ದೂರು ಬಂತು, ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ, ವಡೆ ಕೊಡು ಅನ್ನುತ್ತಿದ್ದರು. ಅವ್ವ ಎರಡು ದಿನ ವಡೆ ಕರಿದಳು. ಮೂರನೆಯ ದಿನ "ಮದ್ದೂರ್ ಮ್ಯಾಲೆ ಓಗ್ಬ್ಯಾಡಿ, ಬೆಳಕವಾಡಿ ಕಡೆ ತಿರುಗ್ಸಿ" ಅಂದಳು.

ಐದನೆಯ ದಿನ ಬಸ್ಸು ಒಂದು ಊರಿಗೆ ಬಂತು. ಒಂದು ಆಲದಮರ, ಒಂದು ತಗಡಿನ ಶೆಡ್ಡು, ಪಕ್ಕದಲ್ಲಿ ಗುಡಿಯಂಥದ್ದು ಏನೋ. ಅಪ್ಪ ಬ್ರೇಕು ಹಾಕಿದರು. ನಾನು ರೈಟ್ ಅಂದೆ. ಬಸ್ಸು ಕದಲಲಿಲ್ಲ. ಅವ್ವ ರೈಟ್ ಅಂದಳು. ಅದು ಬೈಗುಳದ ಹಾಗೆಯೇ ಇತ್ತು, ಆದರೂ ಬಸ್ಸು ಕದಲಲಿಲ್ಲ.

"ಚಿಕ್ಕರಸಿನಕೆರೆ ಕಣವ್ವ ಇದು" ಅಂದರು ಅಪ್ಪ. "ಅವ್ನು ಇಳ್ದವ್ನೆ. ಇನ್ನೂ ಅತ್ತಿಲ್ಲ."

ನಾನು ಹೇಳುವುದನ್ನೆಲ್ಲ ಹೇಳಿದೆ. ಇದು ಆಟ ಅಪ್ಪಾ ಅಂದೆ. "ಅದ್ಕೇ ಕಾಯ್ತಿವ್ನಿ. ನಿಜ್ವಾದ್ ಬಸ್ಸಾಗಿದ್ರೆ ಜನ ಬುಡ್ತಿದ್ರಾ?" ಅಂದರು. ಟಿವಿಯೊಳಗಿನ ಪ್ರಯಾಣಿಕರ ತಲೆಯ ಮೇಲೆಲ್ಲ ಕೆಂಪು ಸಿಟ್ಟಿನ ಮುಖಗಳು ಮೂಡಿದವು. ಡೀಸೆಲ್ಲಿನ ಮುಳ್ಳು ಕೆಳಗಿಳಿಯಿತು. ಫೋನು ದೋಸೆ ಹೆಂಚಾಯಿತು. ಸಂಜೆ ದೀಪ ಹಚ್ಚಿ ಬಂದ ಅವ್ವ, "ಆ ಜನನಾದ್ರೂ ಮನೆಗ್ ಕಳ್ಸಿ, ಪಾಪ, ಮಕ್ಳು ಮರಿ ಕಾಯ್ತಿರ್ತವೆ" ಅಂತ ಬೇಡಿಕೊಂಡಳು.

ನಾನು ಬಿಡುವವಳಲ್ಲ. ಮಳವಳ್ಳಿ ಬಸ್ ಸ್ಟ್ಯಾಂಡಿಗೆ ಹೋಗಿ, ಒಬ್ಬ ಕಂಡಕ್ಟರ ಸೊಗಸಾದ ರೈಟನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು ಅಪ್ಪನ ಬೆನ್ನ ಹಿಂದೆ ಹಾಕಿದೆ. ಅಪ್ಪ ತಿರುಗಿಯೂ ನೋಡಲಿಲ್ಲ. "ಇವ್ನು ಕೊಳ್ಳೇಗಾಲದ್ ಲೈನೋನು ಕಣವ್ವ. ಸೀತ ಆಗದೆ ಅವ್ನಿಗೆ, ಮೂಗು ಕಟ್ಕಂಡದೆ" ಅಂದರು.

ಊರಿನ ಎಲ್ಲ ಕಂಡಕ್ಟರ ದನಿಯೂ ಗೊತ್ತಿರುವ ಮನುಷ್ಯ, ಒಂದೇ ಒಂದು ಸಲ, ಅದೂ ಅವತ್ತೇ ತಪ್ಪಬೇಕಿತ್ತಾ? ನನಗೆ ಅಪ್ಪನ ಮೇಲೆ ಸಿಟ್ಟು ಬಂತು, ಮಾವನ ಮೇಲೆ ಇನ್ನೂ ಹೆಚ್ಚು ಬಂತು. ಹೋಗಿ ಎಳೆದುಕೊಂಡೇ ಬರುತ್ತೇನೆ ಅಂತ ಹೊರಟವಳನ್ನು ಅವ್ವ ಹಿತ್ತಲಿಗೆ ಕರೆದಳು. ರಾಗಿ ಮಿಲ್ಲಿನಲ್ಲಿ ಮಾವನ ಹೆಂಡತಿ ಸಿಕ್ಕಿದ್ದರಂತೆ. ಮಾವನಿಗೆ ಮೈಸೂರಿನಲ್ಲಿ ಗಂಟಲು ಆಪರೇಷನ್ ಆಗಿದೆ. ಪ್ರಾಣಕ್ಕೆ ಏನೂ ಇಲ್ಲ. ದನಿ ಮಾತ್ರ ಹೋಗಿದೆ, ಬಾಯಿ ತೆಗೆದರೆ ಬರೀ ಗಾಳಿ. ಹೋಗಿ ಅಪ್ಪನ ಹತ್ತಿರ ಮಾತಾಡಿ ಬನ್ನಿ ಅಂತ ಹೆಂಡತಿ ಅಂದರೆ, "ದನಿ ಇದ್ದಾಗ್ಲೇ ಗುರ್ತು ಇಡೀದೋನು, ಈಗ್ ಇಡ್ದಾನಾ?" ಅನ್ನುತ್ತಾರಂತೆ.

"ನಿಮ್ಮಪ್ಪಂಗೆ ಯೋಳ್ಬ್ಯಾಡ, ಬೀಪಿ ಅದೆ" ಅಂದಳು ಅವ್ವ. ನಾನು ಹೇಳಲಿಲ್ಲ.

ಮಾವ ಜಗಲಿಯ ಮೇಲೆ ಕತ್ತಿಗೆ ಟವೆಲ್ ಸುತ್ತಿಕೊಂಡು ಕೂತಿದ್ದರು. "ಮಾವ, ಅಪ್ಪ ಚಿಕ್ಕರಸಿನಕೆರೇಲಿ ಬಸ್ಸು ನಿಲ್ಲಿಸ್ಕೊಂಡು ಕೂತವ್ರೆ. ನೀವು ಬರೋಗಂಟ ಎತ್ತಾಕಿಲ್ವಂತೆ" ಅಂದೆ. ಆಟದೊಳಗೆ ಅಂತ ಸೇರಿಸುವಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು, ಕೆಲಸದ ಕಡೆಯಿಂದ. ಎರಡು ಮಾತಾಡಿ ತಿರುಗಿದರೆ ಜಗಲಿ ಖಾಲಿ.

"ಆಟೋ ಅತ್ಕಂಡು ಓದ್ರಲ್ಲವ್ವ!" ಅಂದರು ಅವರ ಹೆಂಡತಿ.

ತಲೆ ತಲೆ ಚಚ್ಚಿಕೊಂಡೆ. ಫೋನು ಮಾಡೋಣ ಅಂದರೆ, ದನಿಯಿಲ್ಲದವರಿಗೆ ಫೋನು ಯಾಕೆ ಅಂತ ಅದನ್ನು ಮನೆಯಲ್ಲೇ ಬಿಟ್ಟಿದ್ದಾರೆ. ಆಮೇಲೆ ತಿಳಿದದ್ದು ಇಷ್ಟು. ಮಾವ ಚಿಕ್ಕರಸಿನಕೆರೆಯಲ್ಲಿ ಇಳಿದರು, ಆಟೋದವನು ತನ್ನ ಪಾಡಿಗೆ ತಾನು ಹೊರಟುಹೋದ. ಸ್ಟಾಪಿನಲ್ಲಿದ್ದವರನ್ನೆಲ್ಲ ಹಿಡಿದು, ಹಸಿರು ಬಸ್ಸು ನಿಂತಿತ್ತಾ, ಡ್ರೈವರು ಎಲ್ಲಿ ಅಂತ ಗಾಳಿಯಲ್ಲೇ ಕೇಳಿದ್ದಾರೆ. ಎದೆನೋವು ಅಂದುಕೊಂಡು ಅವರು ನೆರಳಿಗೆ ಕೂರಿಸಿ, ಎಳನೀರು ಕುಡಿಸಿ, ಗಾಳಿ ಬೀಸಿದ್ದಾರೆ. ಗುಡಿಯ ಹತ್ತಿರ, ಶೆಡ್ಡಿನ ಹಿಂದೆ ಎಲ್ಲ ಹುಡುಕಿದರೂ ಬಸ್ಸೂ ಇಲ್ಲ, ಅಪ್ಪನೂ ಇಲ್ಲ. ಕೊನೆಗೆ ಕಬ್ಬು ಇಳಿಸಿ ಖಾಲಿ ಬರುತ್ತಿದ್ದ ಒಂದು ಟ್ರ್ಯಾಕ್ಟರು ಬಂದಿದೆ.

ಸಂಜೆ ನಾಲ್ಕರ ಹೊತ್ತಿಗೆ ಮಾವ ನಮ್ಮ ಬಾಗಿಲಿಗೆ ಬಂದರು. ತಲೆತುಂಬ ಕಬ್ಬಿನ ಗರಿ. ಕಣ್ಣು ಕೆಂಡ. ಬೈಯಲಿಕ್ಕೆ ಬಾಯಿ ತೆಗೆದರು, ಏನೂ ಬರಲಿಲ್ಲ. ನಾನು ಕೈಮುಗಿದು ಒಳಗೆ ತೋರಿಸಿದೆ.

ಅಪ್ಪ ಬಾಗಿಲಿಗೆ ಬೆನ್ನು ಮಾಡಿ, ಖಾಕಿ ಶರಟಿನಲ್ಲಿ, ರಿಮೋಟು ಹಿಡಿದು ಕೂತಿದ್ದರು. ಟಿವಿಯಲ್ಲಿ ಹಸಿರು ಬಸ್ಸು ಗುರ್ ಅನ್ನುತ್ತಿತ್ತು. ಆಲದಮರ, ತಗಡಿನ ಶೆಡ್ಡು, ಬೋರ್ಡಿನ ಮೇಲೆ ಮಳವಳ್ಳಿ. ಬಸ್ಸಿನ ಹಿಂದಿನ ಬಾಗಿಲು ತೆಗೆದೇ ಇತ್ತು. ಅವ್ವ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಾ ಯಾವತ್ತಿನ ಅಭ್ಯಾಸದಂತೆ "ರೈಟ್, ರೈಟ್" ಅನ್ನುತ್ತಿದ್ದಳು. ಅಪ್ಪ ಕಿವಿಗೂ ಹಾಕಿಕೊಳ್ಳುತ್ತಿರಲಿಲ್ಲ.

ಮಾವ ಹೊಸಿಲಿನ ಮೇಲೆ ನಿಂತು ಆ ಬಸ್ಸನ್ನು ನೋಡಿದರು. ಅವರ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ ಕಾಣೆ. ಟವೆಲಿನಿಂದ ಬಾಯಿ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಇದ್ದಬದ್ದ ಉಸಿರೆಲ್ಲ ಸೇರಿಸಿ ಏನೋ ಅಂದರು. ಪಕ್ಕದಲ್ಲೇ ಇದ್ದ ನನಗೆ ಅದು ರೈಟ್ ಅಂತ ಕೇಳಲಿಲ್ಲ. ಮಾತು ಅಂತಲೇ ಕೇಳಲಿಲ್ಲ.

ಗೇರು ಬಿತ್ತು.

ಅಪ್ಪ ಹಿಂದಕ್ಕೆ ತಿರುಗಲಿಲ್ಲ. ಕಣ್ಣು ರಸ್ತೆಯ ಮೇಲೆಯೇ ಇತ್ತು.

"ಅತ್ತಿದ್ಯೇನ್ಲಾ?" ಅಂದರು.

ಮಾವ ಟವೆಲನ್ನು ಕಣ್ಣಿಗೆ ಒತ್ತಿಕೊಂಡಿದ್ದವರು ಗಾಬರಿಯಿಂದ ಇಳಿಸಿದರು. "ಇಲ್ಲ ಕಣ್ಲಾ" ಅಂದರು, ಗಾಳಿಯಲ್ಲೇ. "ದೂಳು. ಟ್ಯಾಕ್ಟ್ರು ದೂಳು."

"ಬಸ್ಸ್ ಅತ್ತಿದ್ಯಾ ಅಂದೆ ಕಣ್ಲಾ, ಬಡ್ಡೆತ್ತದೆ."

ಮಾವ ಒಳಗೆ ಬಂದು ಅಪ್ಪನ ಹಿಂದೆ, ಯಾವಾಗಲೂ ನಿಲ್ಲುತ್ತಿದ್ದ ಕಡೆ, ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತರು.

"ಊಂ, ಅತ್ತಿವ್ನಿ" ಅಂದರು.